ಇಪ್ಪತ್ತೇಳನೆಯ ದಿನದ ಕ್ಷಮಾಪಣೆ

ಬೂದಿ ಬುಧವಾರಕ್ಕೆ ಇನ್ನು ಹತ್ತು ದಿನ ಇದೆ ಎನ್ನುವಾಗ ನಮ್ಮ ಬರಹಗಾರರ ಗುಂಪಿಗೆ ನಾನೊಂದು ಸಂದೇಶ ಹಾಕಿದೆ. "ಈ ಸಲದ ತಪಸ್ಸುಕಾಲಕ್ಕೆ ವಿಷಯ ಒಂದೇ. ನೀವು ಯಾರಿಗೆ ತಪ್ಪು ಮಾಡಿದ್ದೀರೋ ಅವರಲ್ಲಿ ಕ್ಷಮೆ ಕೇಳಿ ಒಂದು ಪುಟ ಬರೆಯಿರಿ. ಅವರ ಹೆಸರು ಬೇಡ." ಮಧ್ಯಾಹ್ನದೊಳಗೆ ಹೆಚ್ಚಿನವರು ಒಪ್ಪಿದರು. ಒಬ್ಬರು ಮಾತ್ರ, "ಪಾಪನಿವೇದನೆ ಫಾದರ್ ಹತ್ರ ಮಾಡೋದು, ಇಂಟರ್ನೆಟ್ಟಲ್ಲಿ ಅಲ್ಲ" ಎಂದು ಬರೆದರು. ಅದಕ್ಕೆ ನಾನು ಕೈಮುಗಿದ ಚಿತ್ರ ಕಳಿಸಿ ಸುಮ್ಮನಾದೆ.

ನಾವು ಇಪ್ಪತ್ತು ಇಪ್ಪತ್ತೆರಡು ಮಂದಿ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಘಟ್ಟದ ಕೆಳಗಿನ ಕೆಲವು ಊರು ಸೇರಿ ಕನ್ನಡದಲ್ಲಿ ಬರೆಯುವ ಕ್ರೈಸ್ತರು. ಮೊದಲು ಒಬ್ಬೊಬ್ಬರದೂ ಬೇರೆ ಬೇರೆ ಬ್ಲಾಗ್ ಇತ್ತು. ಓದುವವರು ಕಡಿಮೆಯಾದ ಮೇಲೆ ಎಲ್ಲರೂ ಒಂದೇ ಜಾಲತಾಣಕ್ಕೆ ಬಂದೆವು. ಶಿರಸಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಸೊಸೈಟಿಗಳ ವಾರ್ಷಿಕ ವರದಿ, ಶಾಲೆಗಳ ಪ್ರಶ್ನೆಪತ್ರಿಕೆ ಮಾಡಿಕೊಡುತ್ತೇನೆ. ಪುಟ ಕಟ್ಟುವುದು ಗೊತ್ತಿದ್ದುದರಿಂದ ಸಂಪಾದಕಿಯ ಕೆಲಸ ನನ್ನ ಪಾಲಿಗೆ ಬಂತು.

ತಪಸ್ಸುಕಾಲವೆಂದರೆ ಬೂದಿ ಬುಧವಾರದಿಂದ ಈಸ್ಟರಿನವರೆಗೆ, ಭಾನುವಾರಗಳನ್ನು ಬಿಟ್ಟು ನಲವತ್ತು ದಿನ. ಅದನ್ನು ಜಾಲತಾಣದಲ್ಲಿ ಆಚರಿಸುವುದಕ್ಕೆ ನಮ್ಮದೇ ಕ್ರಮವೊಂದು ವರ್ಷದಿಂದ ವರ್ಷಕ್ಕೆ ಬೆಳೆದಿತ್ತು. ಚರ್ಚಿನಲ್ಲಿ ಕೊನೆಕೊನೆಗೆ ಮೂರ್ತಿಗಳಿಗೆ ನೇರಳೆ ಬಟ್ಟೆ ಹೊದಿಸುತ್ತಾರಲ್ಲ, ಹಾಗೆ ನಾವು ನಲವತ್ತೂ ದಿನ ಚಿತ್ರ ಹಾಕುವುದಿಲ್ಲ. ತಲೆಬರಹದ ಪಟ್ಟಿ ನೇರಳೆಯಾಗುತ್ತದೆ. ಎಷ್ಟು ಜನ ಓದಿದರು, ಎಷ್ಟು ಜನ ಮೆಚ್ಚಿದರು ಎಂಬ ಲೆಕ್ಕ ಕಾಣದ ಹಾಗೆ ಮುಚ್ಚುತ್ತೇವೆ. ದಿನಕ್ಕೊಂದೇ ಬರಹ, ಬೆಳಗಿನ ಪೂಜೆಗೆ ಹೋಗುವವರು ಓದಿಕೊಂಡು ಹೋಗಲಿ ಎಂದು ಐದು ಗಂಟೆಗೆ. ಶುಕ್ರವಾರ ಪ್ರತಿಕ್ರಿಯೆ ಬರೆಯುವ ಜಾಗ ಬಂದ್. ಕೆಲವರು ಮಾಂಸ ಬಿಡುವ ಜೊತೆಗೆ ಸ್ಟೇಟಸ್ ಹಾಕುವುದನ್ನೂ ಬಿಡುತ್ತಿದ್ದರು. ಅದು ಮಾಂಸಕ್ಕಿಂತ ಕಷ್ಟ ಎಂದು ನಗುತ್ತಿದ್ದರು.

ಎಲ್ಲರೂ ತುಂಬಬಹುದಾದ ಒಂದು ಪಟ್ಟಿ ಮಾಡಿದ್ದೆ. ದಿನ, ಬರೆಯುವವರು, ವಿಷಯ, ಕರಡು ಬಂತೋ ಇಲ್ಲವೋ. ಪ್ರತಿಕ್ರಿಯೆಗಳನ್ನು ನೋಡಿಕೊಳ್ಳುವ ಕೆಲಸ ಸಿದ್ದಾಪುರದ ಕಡೆಯ ಒಬ್ಬ ಸಿಸ್ಟರ್‌ದು. ಕಾನ್ವೆಂಟಿನಲ್ಲಿದ್ದುಕೊಂಡು ಶಾಲೆಯಲ್ಲಿ ಗಣಿತ ಕಲಿಸುವವರು. ಅವರು ಪಟ್ಟಿ ನೋಡಿ ಕೊನೆಗೆ ಒಂದು ಕಾಲಂ ಸೇರಿಸಿದರು: "ಆ ವ್ಯಕ್ತಿಗೆ ಮೊದಲೇ ತಿಳಿಸಿದ್ದೀರಾ?"

"ಇದು ಬೇಕಾ ಸಿಸ್ಟರ್?" ಎಂದು ಕೇಳಿದೆ.

"ಬೇಕು. ಕ್ಷಮೆ ಕೇಳೋದು ಅವರ ಹತ್ರ. ನಾವು ಓದುಗರು ಆಮೇಲಿನವರು."

ಮಾತು ಸರಿಯಾಗಿಯೇ ಇತ್ತು. ಮೊದಲ ಮೂರು ವಾರ ಆ ಕಾಲಂ ತುಂಬದ ಯಾವ ಬರಹವನ್ನೂ ನಾನು ಹಾಕಲಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸ್ ಒಬ್ಬಳು ತನ್ನ ತಂಗಿಗೆ ಬರೆದಳು. ಕೊಲ್ಲಿಯಿಂದ ಮರಳಿದ ಎಲೆಕ್ಟ್ರಿಷಿಯನ್ ಒಬ್ಬ, ಹತ್ತು ವರ್ಷ ಮಾತು ಬಿಟ್ಟ ಪಕ್ಕದ ಮನೆಯವನಿಗೆ ಬರೆದ. ಬರೆಯುವ ಮೊದಲು ಅವನ ಮನೆ ಬಾಗಿಲಿಗೆ ಹೋಗಿ ಬಂದಿದ್ದ. ಓದುಗರು ಹೆಚ್ಚಿದರು. ಓದುಗರ ಲೆಕ್ಕ ನಮಗೆ ಕಾಣದ ಹಾಗೆ ಮುಚ್ಚಿದ್ದೆವು ಎಂದೆನಲ್ಲ, ಸಂಪಾದಕಿಯ ಪುಟದಲ್ಲಿ ಅದು ನನಗೆ ಕಾಣುತ್ತಿತ್ತು. ದಿನಾ ನೋಡುತ್ತಿದ್ದೆ. ಈ ವಿಷಯವನ್ನು ಆಗ ಯಾರಿಗೂ ಹೇಳಿರಲಿಲ್ಲ.

ನಾಲ್ಕನೆಯ ವಾರದ ಶುಕ್ರವಾರಕ್ಕೆ, ಅಂದರೆ ಇಪ್ಪತ್ತೇಳನೆಯ ದಿನಕ್ಕೆ, ಬರೆಯಬೇಕಾದವರು ಜ್ವರ ಬಂದು ಮಲಗಿದರು. ಆ ವಾರದ ಸೋಮವಾರ ಅವರಿಂದ ಸುದ್ದಿ ಬಂತು. ಕೈಯಲ್ಲಿ ಬೇರೆ ಕರಡು ಇರಲಿಲ್ಲ. ಆಗ ಮಾಸ್ತರರ ನೆನಪಾಯಿತು.

ಮಾಸ್ತರರು ಸಿದ್ದಾಪುರದಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕರು. ನಮ್ಮ ಬಳಗದಲ್ಲೇ ಹಿರಿಯರು. ಮನೆಮಾತು ನನ್ನಂತೆ ಕೊಂಕಣಿಯಾದರೂ ಯಾರೊಡನೆಯೂ ಕನ್ನಡದಲ್ಲೇ ಮಾತು. ಮೊಬೈಲಿನಲ್ಲಿ ಬರೆಯಲು ಬಾರದು. ಗೆರೆ ಹಾಳೆಯ ಮೇಲೆ ಶಾಯಿ ಪೆನ್ನಿನಲ್ಲಿ ಬರೆದು ಫೋಟೋ ತೆಗೆಸಿ ಕಳಿಸುವರು, ನಾನು ಟೈಪ್ ಮಾಡಿಕೊಳ್ಳುವೆ. ಒಂದಕ್ಷರ ಒಡೆದಿರುತ್ತಿರಲಿಲ್ಲ. ತಿಂಗಳ ಹಿಂದೆಯೇ ಅವರೊಂದು ಪುಟ ಕಳಿಸಿದ್ದರು. ಪಟ್ಟಿಯ ಕೊನೆಯ ಕಾಲಂನಲ್ಲಿ ಅವರ ಪರವಾಗಿ ನಾನೇ "ವಿಳಾಸ ಗೊತ್ತಿಲ್ಲವಂತೆ" ಎಂದು ತುಂಬಿ ಅದನ್ನು ಬದಿಗಿಟ್ಟಿದ್ದೆ.

ಪುಟದಲ್ಲಿದ್ದುದು ಇಷ್ಟು. ಅನೇಕ ವರ್ಷಗಳ ಹಿಂದೆ ತಾನು ಒಬ್ಬ ವಿದ್ಯಾರ್ಥಿಯ ಮೇಲೆ ಸುಳ್ಳು ಅಪವಾದ ಹೊರಿಸಿದೆ, ಆ ಮಗುವಿನ ಓದು ಅಲ್ಲಿಗೆ ನಿಂತಿತು, ನಿಜ ಗೊತ್ತಾಗುವಾಗ ತಡವಾಗಿತ್ತು, ದೇವರು ಮತ್ತು ಆ ಮಗು ಕ್ಷಮಿಸಲಿ. ಹದಿನೈದು ಸಾಲು. ಯಾವ ಊರು, ಏನು ಅಪವಾದ, ಹುಡುಗನೋ ಹುಡುಗಿಯೋ, ಏನೂ ಇಲ್ಲ.

ಫೋನ್ ಮಾಡಿದೆ. "ಮಾಸ್ತರೇ, ಬರಹ ಚೆನ್ನಾಗಿದೆ. ಆದ್ರೆ ಆ ಮಗುನೇ ಕಾಣಿಸ್ತಿಲ್ಲ. ಯಾರು ಬೇಕಾದ್ರೂ ಆಗಬಹುದು."

"ಯಾರು ಬೇಕಾದ್ರೂ ಆಗ್ಲಿ ಅಂತ್ಲೇ ಹಂಗೆ ಬರ್ದಿದ್ದು ತಂಗಿ."

"ಓದುವವರಿಗೆ ಮನಸ್ಸಿಗೆ ತಾಗಬೇಕಲ್ಲ. ಏನಾಯ್ತು ಅಂತ ನನಗಾದ್ರೂ ಹೇಳಿ."

ಅವರು ಹೇಳಿದರು. ಶಿರಸಿಯ ಹತ್ತಿರದ ಒಂದು ಹಳ್ಳಿಯ ಶಾಲೆ. ಎಂಟನೆಯ ತರಗತಿ. ಒಂದು ದಿನ ವರಾಂಡದಲ್ಲಿ ಒಂದು ಚೀಟಿ ಸಿಕ್ಕಿತು, ಹುಡುಗನೊಬ್ಬನಿಗೆ ಬರೆದದ್ದು, ಕೆಳಗೆ ಹೆಸರಿಲ್ಲ. ಅಕ್ಷರ ನೋಡಿ ಮಗು ಯಾವುದೆಂದು ಹೇಳಬಲ್ಲೆ ಎಂದು ಮಾಸ್ತರರಿಗೆ ಹೆಮ್ಮೆ. ನೋಡಿದರು, ಒಬ್ಬಳ ಹೆಸರು ಹೇಳಿದರು. ಅವಳು ಅಲ್ಲ ಎಂದಳು. "ನೀನೇ ಬರ್ದಿದ್ದು, ನೀನೇ ಓದು" ಎಂದು ಚೀಟಿಯನ್ನು ಅವಳ ಕೈಗೆ ಕೊಟ್ಟು ತರಗತಿಯ ಮುಂದೆ ನಿಲ್ಲಿಸಿದರು. ಅವಳು ಓದಲಿಲ್ಲ. ಗಂಟೆ ಹೊಡೆಯುವವರೆಗೂ ಚೀಟಿ ಹಿಡಿದುಕೊಂಡು ನಿಂತಿದ್ದಳು. ವರ್ಷದ ಪರೀಕ್ಷೆ ಮುಗಿದ ಮೇಲೆ ಅಪ್ಪ ಅವಳನ್ನು ಶಾಲೆ ಬಿಡಿಸಿ ಹುಬ್ಬಳ್ಳಿಯಲ್ಲಿದ್ದ ಅತ್ತೆಯ ಮನೆಗೆ ಕಳಿಸಿದ. ಎಷ್ಟೋ ವರ್ಷಗಳ ನಂತರ ಒಂದು ಮದುವೆಯ ಪಂಕ್ತಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ನಗುತ್ತ, "ಅದು ನಾನೇ ಬರ್ದಿದ್ದೆ ಸಾರ್, ತಮಾಷೆಗೆ" ಎಂದನಂತೆ.

"ಊಟ ಬಿಟ್ಟು ಎದ್ದೆ ನಾನು" ಎಂದರು ಮಾಸ್ತರರು. "ಅವಳ ಅಕ್ಷರ ಸ್ವಲ್ಪ ಹಿಂದಕ್ಕೆ ವಾಲ್ತಿತ್ತು. ಎಡಗೈಯಲ್ಲಿ ಬರೀತಿದ್ಲು. ಚೀಟಿ ಅಕ್ಷರನೂ ವಾಲಿತ್ತು. ಅಷ್ಟೇ ನೋಡಿದ್ದು ನಾನು. ಇದು ನಿಮಗೆ ಹೇಳ್ದೆ ಅಷ್ಟೇ, ಬರೀಲಿಕ್ಕಲ್ಲ."

ಗುರುತು ಸಿಗಬಾರದೆಂದು ಈ ಕಥನದಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಎಡಗೈ ಎಂಬುದೂ ಅಂಥದೇ. ನಿಜವಾದ ಗುರುತು ಬೇರೆಯದು. ಆದರೆ ಒಬ್ಬಳನ್ನೇ ತೋರಿಸಿಕೊಡುವ ಗುರುತು ಅದಾಗಿತ್ತು ಎಂಬುದು ಮಾತ್ರ ನಿಜ.

ಮಂಗಳವಾರ, ಬುಧವಾರ ಅಂಗಡಿ ತೆರೆಯುವ ಮೊದಲು ಕುಳಿತು ಆ ಪುಟವನ್ನು ನಾನು ಮತ್ತೆ ಕಟ್ಟಿದೆ. ಹದಿನೈದು ಸಾಲು ಐವತ್ತಾಯಿತು. ಚೀಟಿ ಬಂತು, ವರಾಂಡ ಬಂತು, ಗಂಟೆ ಹೊಡೆಯುವವರೆಗೆ ನಿಂತ ಹುಡುಗಿ ಬಂದಳು. ಮೊದಲ ಸಾಲನ್ನು ನಾನೇ ಬರೆದೆ: "ಅವಳು ಎಡಗೈಯಲ್ಲಿ ಬರೆಯುತ್ತಿದ್ದಳು, ಅದೇ ಅವಳ ಅಪರಾಧವಾಯಿತು." ಬರೆದು ಮೂರು ಸಲ ಓದಿಕೊಂಡೆ. ಅವಳ ಹೆಸರಿಲ್ಲ, ಊರಿನ ಹೆಸರಿಲ್ಲ, ಎಂದು ನನಗೆ ನಾನೇ ಹೇಳಿಕೊಂಡೆ. ಮುಗಿದ ಪುಟವನ್ನು ಮಾಸ್ತರರಿಗೆ ಕಳಿಸಿದೆ. ಸಣ್ಣ ಪರದೆಯ ಮೇಲೆ ಕನ್ನಡಕ ಏರಿಸಿ ಇಳಿಸಿ ಓದುವವರು. ಒಂದು ಗಂಟೆಯ ಮೇಲೆ ಫೋನ್ ಬಂತು. "ಎಡಗೈ ಅಂತ ಹಾಕಿದ್ದೀರಿ."

"ಅದಿಲ್ಲದಿದ್ರೆ ಬರಹವೇ ನಿಲ್ಲೋದಿಲ್ಲ ಮಾಸ್ತರೇ."

"ಅವಳಿಗೆ ಹೇಳದೆ..."

"ಎಲ್ಲಿದ್ದಾರೆ ಅಂತ ನಿಮಗೇ ಗೊತ್ತಿಲ್ಲವಲ್ಲ?"

"ಯಲ್ಲಾಪುರ ಕಡೆ ಕೊಟ್ಟಿದ್ದಾರೆ ಅಂತ ಯಾವಾಗ್ಲೋ ಕೇಳಿದ್ದೆ. ಹುಡುಕಿದ್ರೆ ಸಿಗಬಹುದು."

ಅದು ಬುಧವಾರದ ಸಂಜೆ. ಶುಕ್ರವಾರ ಬೆಳಿಗ್ಗೆ ಐದಕ್ಕೆ ಬರಹ ಬೇಕು. ಯಲ್ಲಾಪುರದ ಚರ್ಚಿಗೆ ಒಂದು ಫೋನ್ ಮಾಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಗೊತ್ತಾದರೆ ಅವಳನ್ನು ಕೇಳಬೇಕಾಗುತ್ತದೆ, ಕೇಳಿದರೆ ಬೇಡ ಎಂದಾಳು, ಎಂಬುದು ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ ಎಂದರೆ ಸುಳ್ಳಾದೀತು. "ಈಸ್ಟರ್ ಆದ ಮೇಲೆ ಇಬ್ಬರೂ ಹೋಗಿ ಹುಡುಕೋಣ" ಎಂದೆ. ಮಾಸ್ತರರು, "ನಿಮಗೆ ತಿಳಿದದ್ದು ಮಾಡಿ ತಂಗಿ" ಎಂದು ಫೋನ್ ಇಟ್ಟರು. ನಾನು ಸಮಯ ನಿಗದಿ ಮಾಡಿ ಕಂಪ್ಯೂಟರ್ ಮುಚ್ಚಿದೆ.

ಶುಕ್ರವಾರ ಬೆಳಗಿನ ಎಂಟಕ್ಕೆಲ್ಲ ಆ ತಪಸ್ಸುಕಾಲದ ಯಾವ ಬರಹಕ್ಕೂ ಇಲ್ಲದಷ್ಟು ಓದುಗರು ಅದಕ್ಕಿದ್ದರು. ಅಂದು ಪ್ರತಿಕ್ರಿಯೆಯ ಜಾಗ ಬಂದ್ ಇದ್ದುದರಿಂದ ಜನ ಅದನ್ನು ತಂತಮ್ಮ ವಾಟ್ಸಾಪ್ ಗುಂಪುಗಳಿಗೆ ಒಯ್ದು ಅಲ್ಲಿ ಮಾತಾಡಿಕೊಂಡರು. ಯಾರೋ ಅದನ್ನು ಗಟ್ಟಿಯಾಗಿ ಓದಿ ಧ್ವನಿ ಸಂದೇಶ ಮಾಡಿದ್ದರು. ಮಧ್ಯಾಹ್ನ ಅದು ನನಗೇ ಮೂರು ಕಡೆಯಿಂದ ಬಂತು. ಕೇಳುತ್ತ ಲಗ್ನಪತ್ರಿಕೆಯೊಂದರ ಕರಡು ತಿದ್ದಿದೆ. ಸಂತೋಷವಾಗಿತ್ತು.

ಶನಿವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಗುರುತಿಲ್ಲದ ನಂಬರಿನಿಂದ ಫೋನ್. ಜಾಲತಾಣದ ಕೆಳಗೆ ನನ್ನ ನಂಬರ್ ಇತ್ತು.

"ನಿನ್ನೆ ಬಂದದ್ದು ನೀವು ಹಾಕಿದ್ದೇನ್ರಿ?" ಹೆಣ್ಣು ಧ್ವನಿ, ಏರಿಲ್ಲ, ಇಳಿದಿಲ್ಲ.

"ಹೌದು. ತಾವು?"

"ನಾ ಯಲ್ಲಾಪುರದಾಕಿ. ಎಡಗೈಲೆ ಬರಿಯಾಕಿ."

ಅವಳೇ ಮುಂದುವರಿಸಿದಳು. "ತೆಗೀರಿ ಅದನ್ನ. ಆಮೇಲೆ ಮಾತಾಡೂಣಂತ." ಇಟ್ಟುಬಿಟ್ಟಳು.

ತೆಗೆಯುವುದು ಒಂದು ಗುಂಡಿ ಒತ್ತುವ ಕೆಲಸ ಎಂದು ನಾನು ತಿಳಿದಿದ್ದೆ. ಒತ್ತಿದೆ. ಆ ಜಾಗದಲ್ಲಿ ಏನಾದರೂ ಇರಬೇಕಲ್ಲ ಎಂದು "ಈ ಬರಹವನ್ನು ಹಿಂದೆಗೆದುಕೊಳ್ಳಲಾಗಿದೆ" ಎಂದು ಹಾಕಿದೆ. ಅದು ಎರಡನೆಯ ತಪ್ಪು. ಶುಕ್ರವಾರ ಓದದೆ ಇದ್ದವರೂ ಈಗ ಹುಡುಕತೊಡಗಿದರು. ಇಮೇಲಿನಲ್ಲಿ ತರಿಸಿಕೊಳ್ಳುವವರಿಗೆ ಅದು ಮೊದಲೇ ಹೋಗಿತ್ತು. ಪರದೆಯ ಚಿತ್ರ ತೆಗೆದಿಟ್ಟುಕೊಂಡವರು ಅದನ್ನು ಇನ್ನಷ್ಟು ಗುಂಪುಗಳಿಗೆ ಕಳಿಸಿದರು. ಸಿಸ್ಟರ್ ಫೋನ್ ಮಾಡಿ, "ಪ್ರತಿಕ್ರಿಯೆ ಜಾಗ ಇವತ್ತು ತೆರೆದಿತ್ತು. 'ಇದು ನಮ್ಮ ಉಪದೇಶದ ಅಕ್ಕೋರಲ್ವಾ' ಅಂತ ಒಬ್ರು ಬರೆದಿದ್ರು. ಅಳಿಸಿದ್ದೇನೆ. ಇನ್ನೂ ನಾಲ್ಕು ಜನ ಅದನ್ನು ನೋಡಿರಬೇಕು" ಎಂದರು. ನಮ್ಮ ಕಡೆ ಹೆಣ್ಣುಮಕ್ಕಳು ಕಲಿಸಿದರೆ ಮಕ್ಕಳು ಅಕ್ಕೋರು ಎನ್ನುತ್ತಾರೆ. ಆ ಹುಡುಗಿ ಈಗ ಯಲ್ಲಾಪುರದ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಕಲಿಸುವವಳು, ಶಿಲುಬೆ ಹಾದಿಯ ಹಾಡು ಎತ್ತಿಕೊಡುವವಳು ಎಂದು ನನಗೆ ತಿಳಿದದ್ದು ಹೀಗೆ.

ಸಿಸ್ಟರ್ ಬೈಯಲಿಲ್ಲ. "ಕೊನೆ ಕಾಲಂನಲ್ಲಿ ವಿಳಾಸ ಗೊತ್ತಿಲ್ಲ ಅಂತಿತ್ತು" ಎಂದರು ಅಷ್ಟೇ.

"ಗೊತ್ತು ಮಾಡ್ಕೋಬಹುದಿತ್ತು ಸಿಸ್ಟರ್."

"ಹ್ಞೂಂ."

ಭಾನುವಾರ ಮಧ್ಯಾಹ್ನ ಬಳಗದವರೆಲ್ಲ ಫೋನಿನಲ್ಲೇ ಸಭೆ ಸೇರಿದೆವು. ಹೆಚ್ಚಿನವರದು ಒಂದೇ ಸಲಹೆ: ಸೋಮವಾರ ಬೆಳಿಗ್ಗೆ ಐದಕ್ಕೆ ಸಂಪಾದಕಿಯೇ ಒಂದು ಸ್ಪಷ್ಟನೆ ಬರೆಯಬೇಕು, ಆ ತಾಯಿಯಲ್ಲಿ ಎಲ್ಲರ ಪರವಾಗಿ ಕ್ಷಮೆ ಕೇಳಬೇಕು. ನಾನು ಅದನ್ನು ಬರೆದೂ ಇಟ್ಟಿದ್ದೆ. ನನ್ನ ಪರದೆಯ ಮೇಲೆ ಸಿದ್ಧವಾಗಿತ್ತು. ಓದಿ ಎಂದರು, ಓದತೊಡಗಿದೆ. ಮೂರನೆಯ ವಾಕ್ಯಕ್ಕೆ ಬರುವಾಗ ಇದೂ ಚೆನ್ನಾಗಿ ಬಂದಿದೆ ಎಂದು ನನಗೇ ಅನ್ನಿಸಿತು. ಅಲ್ಲಿಗೇ ನಿಲ್ಲಿಸಿದೆ.

"ಇನ್ನು ಏನೂ ಹಾಕೋದು ಬೇಡ" ಎಂದೆ. "ಸ್ಪಷ್ಟನೆ ಬೇಡ. ಉಳಿದ ಹನ್ನೆರಡು ದಿನವೂ ಬೇಡ. ಇಪ್ಪತ್ತೇಳರ ಜಾಗದಲ್ಲಿ ನಾನು ಹಾಕಿದ ಆ ಒಂದು ಸಾಲನ್ನೂ ತೆಗೀತೇನೆ. ಈಸ್ಟರ್‌ವರೆಗೆ ಬಂದ್."

ಕೆಲವರಿಗೆ ಬೇಸರವಾಯಿತು. ತಮ್ಮ ಸರದಿಗೆ ಕಾದು ಕುಳಿತವರಿದ್ದರು. ಒಬ್ಬರಂತೂ ಕ್ಷಮೆ ಕೇಳಲು ಅಣ್ಣನ ಮನೆಗೆ ಮಂಗಳೂರಿಗೆ ಹೋಗಿ ಬಂದಿದ್ದರು. "ಒಬ್ರಿಗೋಸ್ಕರ ಎಲ್ಲಾ ನಿಲ್ಲಿಸೋದಾ?" ಎಂದು ಕೇಳಿದರು. ಉತ್ತರ ಸಿಸ್ಟರ್ ಕೊಟ್ಟರು. "ಅಣ್ಣನ ಹತ್ರ ಕೇಳಿ ಆಯ್ತಲ್ಲ. ಇನ್ನೆಂತ ಬಾಕಿ ಇದೆ?"

ವಾರವಿಡೀ ಅವಳ ಫೋನಿಗೆ ಕಾದೆ. ಗುರುವಾರ ಬಂತು. "ಶನಿವಾರ ಬರ್ರಿ. ಒಬ್ರೇ ಬರ್ರಿ. ಮಾಸ್ತರು ಬ್ಯಾಡ." ಮಾಸ್ತರರು ಆಗಲೇ ಹೊರಡಲು ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದರು. ಬೇಡವೆಂದಳು ಎಂದು ಹೇಳಿದೆ. ಎಡಗೈಯ ಮಾತು ಸೇರಿಸಿದವಳು ನಾನೇ, ಅದನ್ನು ಅವಳಿಗೆ ಹೇಳುತ್ತೇನೆ ಎಂದೂ ಹೇಳಿದೆ.

"ನೀವು ಕಳಿಸಿದ್ದನ್ನು ನಾನು ನೋಡಿದ್ದೇನಲ್ಲ ತಂಗಿ. ಬೇಡ ಅನ್ನಬಹುದಿತ್ತು." ಮತ್ತೆ, "ಆವತ್ತು ಓದು ಅಂದೆ, ಅವಳು ಓದ್ಲಿಲ್ಲ. ಈಗ ಎಲ್ಲರ ಮುಂದೆ ನಾನೇ ಓದಿಬಿಟ್ಟೆ" ಎಂದರು.

ಗರಿಗಳ ಭಾನುವಾರದ ಹಿಂದಿನ ದಿನ ಬಸ್ಸಿನಲ್ಲಿ ಯಲ್ಲಾಪುರಕ್ಕೆ ಹೋದೆ. ಊರ ಅಂಚಿಗೆ ಹೆಂಚಿನ ಮನೆ, ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ. ಅವಳ ಗಂಡ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಬಾಗಿಲಲ್ಲಿ ನಿಂತಿದ್ದವರು ನನ್ನನ್ನು ನೋಡಿ "ಬರ್ರಿ" ಎಂದು ಹಿತ್ತಿಲ ಕಡೆಗೆ ಹೋದರು. ಅವಳಿಗೆ ನಲವತ್ತೈದರ ಮೇಲಿನ ವಯಸ್ಸು. ಕತ್ತರಿ ಬದಿಗಿಟ್ಟು ಕುರ್ಚಿ ತೋರಿಸಿದಳು.

"ಮೊದಲನೇ ಸಾಲು ಬರ್ದವರು ಯಾರು?" ಎಂದಳು. "ಮಾಸ್ತರು ಹಂಗ ಬರಿಯಾಂಗಿಲ್ಲ. ಅವರ ಕನ್ನಡ ನಂಗ ಗೊತ್ತು."

"ನಾನು."

"ಚಲೋ ಬರೀತೀರಿ" ಎಂದಳು. ವ್ಯಂಗ್ಯ ಇರಲಿಲ್ಲ. ಅದನ್ನು ಕೇಳಿ ಕೂರುವುದೇ ಕಷ್ಟವಾಯಿತು.

ಆಮೇಲೆ ತಾನಾಗಿ ಹೇಳಿದಳು. ಶುಕ್ರವಾರ ಹಗಲೆಲ್ಲ ಅವಳಿಗೆ ಏನೂ ಗೊತ್ತಿರಲಿಲ್ಲ. ಸಂಜೆ ಶಿಲುಬೆ ಹಾದಿ. ಹದಿನಾಲ್ಕು ಚಿತ್ರಗಳ ಮುಂದೆ ಒಂದೊಂದಾಗಿ ನಿಂತು ಪ್ರಾರ್ಥನೆ, ನಡುವೆ ಹಾಡು. "ಐದನೇ ಸ್ಥಳದಾಗ ನಿಂತಾಗ ಹಿಂದ ಇಬ್ರು ನನ್ನ ಕೈ ನೋಡಾಕತ್ತಿದ್ರು. ಯಾಕ ನೋಡ್ತಾರ ತಿಳೀಲಿಲ್ಲ. ಆದ್ರೂ ಹಾಡಿನ ಪುಸ್ತಕ ಬಲಗೈಗೆ ತಗೊಂಡೆ. ಮನಿಗೆ ಬಂದ ಮ್ಯಾಲೆ ನನ್ನ ನಾದಿನಿ ಮೊಬೈಲ್ ತೋರಿಸಿದ್ಲು."

"ನೀವು ಬರೆದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ..."

"ನಾ ಬರ್ದಿಲ್ಲ ಅಂತ ಎಲ್ಲಾರ್ಗೂ ಗೊತ್ತಾತ್ರಿ. ಆದ್ರ ನಾ ಬರ್ದೇನಿ ಅನ್ನೂ ಮಾತು ಈ ಊರಾಗ ಯಾರ್ಗೂ ಗೊತ್ತಿದ್ದಿಲ್ಲಲ್ಲ." ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು. "ಉಪದೇಶಕ್ಕ ಬರೋ ಹುಡುಗಿಯೊಬ್ಬಾಕಿ ಕೇಳಿದ್ಲು, ಅಕ್ಕೋರೇ, ಆ ಚೀಟ್ಯಾಗ ಏನ ಬರ್ದಿತ್ತು ಅಂತ. ಅದರ ಮ್ಯಾಲೆ ನಾ ಚರ್ಚಿನ ಕಡೆ ಹೋಗಿಲ್ಲ."

ಅವಳಿಗೆ ಎಲ್ಲಕ್ಕಿಂತ ದೊಡ್ಡ ಸಂಕಟ ಗಂಡನದು. ಮದುವೆಯಾಗಿ ಇಪ್ಪತ್ತೈದು ವರ್ಷ. ಶಾಲೆ ಯಾಕೆ ಬಿಟ್ಟೆ ಎಂದು ಅವರು ಕೇಳಿದಾಗಲೆಲ್ಲ ಓದು ತಲೆಗೆ ಹತ್ತಲಿಲ್ಲ ಎಂದೇ ಹೇಳಿದ್ದಳಂತೆ. "ಅವರು ಅದನ್ನ ಓದ್ಯಾರ. ನಂಗ ಗೊತ್ತೈತಿ. ಒಂದು ಮಾತು ಕೇಳವಲ್ರು. ಬೈದ್ರೂ ಚಲೋ ಇತ್ತು. ಚಾ ಕೊಟ್ರ ಕುಡೀತಾರ, ಲೋಟ ಇಡ್ತಾರ, ಹೋಗ್ತಾರ."

ನಾನು ಕ್ಷಮಿಸಿ ಎಂದೆ. ಆ ಪದವನ್ನು ಅಷ್ಟು ದಿನ ಅಷ್ಟು ಪುಟಗಳಲ್ಲಿ ತಿದ್ದಿ ತಿದ್ದಿ ಹಾಕಿದ್ದೆ. ಬಾಯಲ್ಲಿ ಹೇಳುವಾಗ ಅದಕ್ಕೆ ಏನೂ ತೂಕವಿರಲಿಲ್ಲ. ಅವಳು, "ಆತು, ಬಿಡ್ರಿ" ಎಂದಳು. ಅದು ಕ್ಷಮೆಯಲ್ಲ, ಮಾತು ಮುಗಿಸುವ ರೀತಿ ಎಂದು ಇಬ್ಬರಿಗೂ ಗೊತ್ತಿತ್ತು. ಮಾಸ್ತರರಿಗೆ ಏನು ಹೇಳಲಿ ಎಂದು ಕೇಳಿದೆ. "ಸಿಟ್ಟಿಲ್ಲ ಅಂತ ಹೇಳ್ರಿ. ಬರೋದು ಬ್ಯಾಡ ಅಂತನೂ ಹೇಳ್ರಿ."

ಬಸ್ ಸ್ಟ್ಯಾಂಡಿಗೆ ಅವಳ ಗಂಡ ಬೈಕಿನಲ್ಲಿ ಬಿಟ್ಟರು. ಇಳಿದು ನಮಸ್ಕಾರ ಹೇಳಿದಾಗ ಅವರು ಗಾಡಿ ಬಂದ್ ಮಾಡಿದರು.

"ನಂಗ ಮೊದಲಿಂದ ಗೊತ್ತಿತ್ರಿ" ಎಂದರು.

ಯಾವುದು ಎಂದು ನಾನು ಕೇಳಬೇಕಾಗಲಿಲ್ಲ.

"ಮಾತುಕತಿ ದಿನಾನ ಅವರಪ್ಪ ಹೇಳಿದ್ರು. ಹುಡುಗಿ ಮ್ಯಾಲೆ ಸಾಲ್ಯಾಗ ಒಂದು ಮಾತು ಬಂದಿತ್ತು, ಸುಳ್ಳು, ಆದ್ರ ನಿಮಗ ಗೊತ್ತಿರ್ಲಿ ಅಂತ. ನಂಗೇನೂ ಅನಸ್ಲಿಲ್ಲ. ಅಕಿ ತಾನಾಗಿ ಹೇಳ್ತಾಳ, ಹೇಳಿದಾಗ ನಂಗ ಗೊತ್ತೈತಿ ಅಂತ ಹೇಳಿದ್ರಾತು ಅಂದ್ಕೊಂಡೆ. ಅಕಿ ಹೇಳ್ಲಿಲ್ಲ. ಹೇಳೋದು ಬ್ಯಾಡಾಗೇತಿ ಅಕಿಗೆ, ಇರ್ಲಿ ಅಂತ ಸುಮ್ಮನಾದೆ."

"ಈಗಲಾದ್ರೂ ಹೇಳಬಹುದಲ್ಲ?"

ಅವರು ತಲೆ ಅಲ್ಲಾಡಿಸಿದರು. "ಈಗ ಹೇಳಿದ್ರ, ನನ್ನ ಸಮಾಧಾನಕ್ಕ ಹೇಳ್ತಾನ ಅಂತ ತಿಳ್ಕೋತಾಳ್ರಿ. ನಂಬಾಂಗಿಲ್ಲ. ಮೊದ್ಲ ಹೇಳಬೇಕಿತ್ತು." ಬೈಕ್ ಚಾಲೂ ಮಾಡುತ್ತ, "ನೀವೂ ಹೇಳಬ್ಯಾಡ್ರಿ" ಎಂದರು.

ಶಿರಸಿಗೆ ಬರುವ ಬಸ್ಸಿನಲ್ಲಿ ಕುಳಿತಾಗ ನನಗೆ ಅರ್ಥವಾದದ್ದು ಇಷ್ಟು. ಆ ಮನೆಯಲ್ಲಿ ಒಬ್ಬರಿಗಾಗಿ ಒಬ್ಬರು ಕಾಯ್ದುಕೊಂಡು ಬಂದ ಮೌನವೊಂದಿತ್ತು. ನಾನು ಒಳಗೆ ಹೋಗದೆಯೇ ಅದನ್ನು ಕೆಡವಿದ್ದೆ. ಅದನ್ನು ಮತ್ತೆ ಕಟ್ಟುವ ವಿದ್ಯೆ ನನ್ನ ಬಳಿ ಇರಲಿಲ್ಲ.

ಪವಿತ್ರ ವಾರ ಕಳೆಯಿತು. ಜಾಲತಾಣದಲ್ಲಿ ಹನ್ನೆರಡು ದಿನ ಏನೂ ಬರಲಿಲ್ಲ. ಮೊದಲೆರಡು ದಿನ ಯಾಕೆಂದು ಕೇಳಿದವರು ಆಮೇಲೆ ಕೇಳಲಿಲ್ಲ. ಶುಭ ಶುಕ್ರವಾರ ನಮ್ಮ ಚರ್ಚಿನಲ್ಲಿ ಐದನೆಯ ಸ್ಥಳದ ಎದುರು ನಿಂತಾಗ ಕಣ್ಣೆತ್ತಿ ಯಾರನ್ನೂ ನೋಡಲಾಗಲಿಲ್ಲ. ಈಸ್ಟರ್ ದಿನ ಅವಳು ಚರ್ಚಿಗೆ ಬಂದಳು, ಹಿಂದಿನ ಸಾಲಿನಲ್ಲಿ ಕುಳಿತಳು ಎಂದು ಸಿಸ್ಟರ್ ಕೇಳಿ ತಿಳಿದು ಹೇಳಿದರು. ಮಕ್ಕಳಿಗೆ ಕಲಿಸಲು ಬೇರೊಬ್ಬರು ಬಂದಿದ್ದರು. ಮಾಸ್ತರರು ಆಮೇಲೆ ಬರೆಯಲಿಲ್ಲ. ಗುಂಪಿನಲ್ಲಿದ್ದಾರೆ, ಹಬ್ಬಕ್ಕೆ ಶುಭಾಶಯ ಕಳಿಸುತ್ತಾರೆ. ನಾನು ಸಂಪಾದಕಿಯ ಕೆಲಸವನ್ನು ಸಿಸ್ಟರ್‌ಗೆ ಒಪ್ಪಿಸಿದೆ.

ಮಳೆ ಹಿಡಿದು ತಿಂಗಳಾದ ಮೇಲೆ ಅವಳು ಫೋನ್ ಮಾಡಿದಳು.

"ನಮ್ಮನಿಯವರು ಒಂದು ಮಾತು ಹೇಳಿದ್ರು. ಮದುವಿಗಿಂತ ಮೊದ್ಲ ಗೊತ್ತಿತ್ತಂತ. ನಂಬಬೇಕೋ ಬಿಡಬೇಕೋ ತಿಳೀಲಿಲ್ಲ. ಅಪ್ಪ ತೀರಿ ಹೋಗ್ಯಾನ, ಕೇಳೂಣಂದ್ರ ಯಾರದಾರ? ನೀವು ಬಂದಾಗ ನಿಮ್ಮ ಮುಂದ ಹೇಳ್ಯಾರಂತ. ಖರೇನ?"

"ಹೌದು. ಅವತ್ತೇ ಹೇಳಿದ್ರು. ಬಸ್ ಸ್ಟ್ಯಾಂಡಿನಲ್ಲಿ."

"ಏನಂತ ಹೇಳಿದ್ರು? ಅವರು ಹೇಳಿದಾಂಗ ಹೇಳ್ರಿ."

ನೆನಪಿದ್ದಷ್ಟನ್ನು, ಒಂದು ಪದವನ್ನೂ ಸೇರಿಸದೆ, ಹೇಳಿದೆ. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಎಚ್ಚರದಿಂದ ಯಾವುದನ್ನೂ ಒಪ್ಪಿಸಿಲ್ಲ.

"ಹಂಗಾದ್ರ ಇಪ್ಪತ್ತೈದು ವರ್ಷ ನಾ ಸುಮ್ಮನ ಅಂಜಿದೆ" ಎಂದಳು. ಅದರಲ್ಲಿ ಸಮಾಧಾನ ಎಷ್ಟು, ಹೋದ ವರ್ಷಗಳ ದುಃಖ ಎಷ್ಟು ಎಂದು ನನಗೆ ತಿಳಿಯಲಿಲ್ಲ. ಇದರಿಂದಾದರೂ ಒಳ್ಳೆಯದಾಯಿತು ಎಂದುಕೊಳ್ಳುವ ಆಸೆ ಒಂದು ಕ್ಷಣ ನನಗೆ ಬಂತು. ಆದರೆ ಅವಳು ಇಂದಿಗೂ ಮಕ್ಕಳಿಗೆ ಕಲಿಸಲು ಹೋಗುವುದಿಲ್ಲ. ಹಾಡು ಎತ್ತಿಕೊಡುವುದಿಲ್ಲ.

ಈ ಕಥನವನ್ನು ಬರೆಯಲೇ ಎಂದು ಕೇಳಿದಾಗ ಅವಳು ಒಂದು ತಿಂಗಳು ಉತ್ತರಿಸಲಿಲ್ಲ. ಆಮೇಲೆ, "ಬರ್ದು ತಗೊಂಡ್ ಬರ್ರಿ, ನೋಡ್ತೀನಿ" ಎಂದಳು. ಅಚ್ಚು ಹಾಕಿಸಿ ಒಯ್ದೆ. ಮಾಸ್ತರರಿಗೂ ಒಂದು ಪ್ರತಿ ಕಳಿಸಿದ್ದೆ. ಅವರು ಏನೂ ತಿದ್ದಲಿಲ್ಲ. ಅವಳು ಹೊಲಿಗೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಪೆನ್ಸಿಲ್ ಹಿಡಿದು ಓದಿದಳು. ಗಂಡ ಪಕ್ಕದಲ್ಲಿ ನಿಂತು ಓದಿದರು. ಎರಡು ಕಡೆ ಅವಳು ಗೀಟು ಎಳೆದಳು, ಒಂದು ಇಡೀ ಹಾಳೆಯನ್ನು ತೆಗೆದು ಮಡಿಸಿ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಳು. ಉಳಿದದ್ದನ್ನು ನನ್ನ ಕೈಗೆ ಕೊಟ್ಟಳು. ಆ ಹಾಳೆಯಲ್ಲಿ ಏನಿತ್ತು ಎಂಬುದು ಓದುವವರಿಗೆ ಬೇಕಾಗಿಲ್ಲ.